ಬೆಟ್ಟ ಸುಟ್ಟ ಹರಕೆ

ಪೂಜ್ಯ ಶ್ರೀ ಮುದ್ದುವೀರ ಸ್ವಾಮಿಗಳಿಗೆ ಮಠವೆಂದರೆ ಎಣ್ಣೆಕಲ್ಲು ಬೆಟ್ಟದ ನೆತ್ತಿಯ ಮೇಲಿನ ಒಂದು ಗವಿ, ಅಷ್ಟೆ. ಮಲಗಲು ಒಂದು ಕಂಬಳಿ. ಪಕ್ಕದ ಬಂಡೆಯಲ್ಲಿ ಮಳೆನೀರು ನಿಲ್ಲುವ ದೊಣೆಯೊಂದಿತ್ತು. ಆ ನೀರನ್ನೇ ಸ್ವಾಮಿಗಳು ಕುಡಿಯುತ್ತಿದ್ದರು, ಬಂದ ಭಕ್ತರಿಗೆ ಅದನ್ನೇ ತೀರ್ಥವಾಗಿ ಕೊಡುತ್ತಿದ್ದರು. ಬೇಸಿಗೆಯಲ್ಲಿ ಬೆಟ್ಟದ ಮೊಲ, ಗೌಜಲಹಕ್ಕಿ, ಮುಂಗುಸಿಗಳಿಗೂ ಅದೇ ಗತಿ.

ಆ ಸೀಮೆಯಲ್ಲಿ ಒಂದು ಹರಕೆ ನಡೆದುಬಂದಿತ್ತು. ಮಕ್ಕಳಾದರೆ ಬೆಟ್ಟದ ಒಣಹುಲ್ಲಿಗೆ ಬೆಂಕಿಯಿಡಬೇಕು. ಉರಿ ಎಷ್ಟು ಮೇಲೇರಿದರೆ ದೇವರು ಅಷ್ಟು ಒಲಿದನೆಂದು ಲೆಕ್ಕ. ದೇವರಿಗೆ ಏನು ಬೇಕೆಂದು ಅವನೊಬ್ಬನನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೇಳುವ ಜನ ನಾವು!

ಕೆಳಗಿನ ಊರಿನ ದುಂಡಮಾದಯ್ಯನಿಗೆ ಮದುವೆಯಾಗಿ ಬಹಳ ಕಾಲದ ಮೇಲೆ ಗಂಡುಕೂಸು ಹುಟ್ಟಿತು. ಹರಕೆಯಂತೆ ಆತ ಬೆಟ್ಟದ ಬುಡದಲ್ಲಿ ಬೆಂಕಿಯಿಟ್ಟ. ಅಂದು ಗಾಳಿ ಜೋರಾಗಿತ್ತು. ಉರಿ ನೆತ್ತಿಯವರೆಗೂ ಹತ್ತಿತು. ಬೆಂಕಿ ಆರಿದ ಮೇಲೆ, ಸ್ವಾಮಿಗಳಿಂದ ಹೆಸರಿಡಿಸಬೇಕೆಂದು ಹೆಂಡತಿ ಚಿನ್ನತಾಯಮ್ಮನನ್ನೂ ಕೂಸನ್ನೂ ಕರೆದುಕೊಂಡು ಹಿಗ್ಗಿನಿಂದ ಬೆಟ್ಟ ಹತ್ತಿದ. ಸ್ವಾಮಿಗಳು ಕರಕಲಾದ ನೆಲ್ಲಿಮರದ ಬುಡದಲ್ಲಿ ಕುಳಿತಿದ್ದರು.

"ಬುದ್ದೀ, ನಾನು ಹರ್ಕ ತೀರುಸ್ಬುಟ್ಟಿ. ಉರಿ ನೆತ್ತಿ ಮುಟ್ತು, ದೇವ್ರು ಒಪ್ಕಂಡ. ಕೂಸ್ಗ ತೀರ್ಥ ಹಾಕಿ ಒಂದು ಹೆಸರಿಟ್ಬುಡಿ," ಎಂದು ಅಡ್ಡಬಿದ್ದ.

ಸ್ವಾಮಿಗಳ ನೋಟ ಸುಟ್ಟ ಇಳಿಜಾರಿನ ಮೇಲೆಯೇ ಇತ್ತು. ಮಾದಯ್ಯನಿಗೆ ಸ್ವಲ್ಪ ಇರುಸುಮುರುಸಾಯಿತು.

"ಹುಲ್ಲಲ್ವ ಬುದ್ದೀ, ಮಳ ಬಿದ್ರ ಮತ್ತ ಬತ್ತದ."

ಸ್ವಾಮಿಗಳು ಎದ್ದು ಹೋಗಿ ದೊಣೆಯಿಂದ ಗಿಂಡಿಯಲ್ಲಿ ನೀರು ತಂದರು, ಅಂಗೈಗೆ ಬಗ್ಗಿಸಿಕೊಂಡರು. ನೀರು ಕಪ್ಪಗಿತ್ತು. ಅದರಲ್ಲಿ ಬೂದಿ, ಇದ್ದಿಲ ಚೂರು, ಅರೆಸುಟ್ಟ ಒಂದು ಪುಕ್ಕ ತೇಲುತ್ತಿದ್ದವು. ಅವರು ಆ ಕೈಯನ್ನು ಕೂಸಿನ ಬಾಯಿಯ ಬಳಿಗೆ ತಂದಾಗ ಚಿನ್ನತಾಯಮ್ಮ ಬೆಚ್ಚಿ ಹಿಂದೆ ಸರಿದಳು. ಮಾದಯ್ಯ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದ.

"ಬ್ಯಾಡಿ ಬುದ್ದೀ! ಎಳ ಕೂಸು!"

"ಈ ಬೆಟ್ಟದ ಕೂಸ್ಗಳೆಲ್ಲ ಇದ್ನೇ ಕುಡೀಬೇಕಲ್ಲಪ್ಪ," ಎಂದರು ಸ್ವಾಮಿಗಳು. ಅಂಗೈಯ ಪುಕ್ಕವನ್ನು ನೋಡುತ್ತ, "ಉಳ್ಕಂಡಿದ್ರ," ಎಂದರು.

ಆ ನೀರನ್ನು ತಾವೇ ಕುಡಿದರು. ಅವರ ಕಣ್ಣು ತುಂಬಿತ್ತು. "ವರ್ಷವರ್ಷವೂ ನೋಡ್ತಾ ನಾನೂ ಸುಮ್ನಿದ್ದಿ. ಇದ್ರಲ್ಲಿ ನಂದೂ ತಪ್ಪದ. ನೀರು ತಿಳಿಯಾಗ್ಲಿ, ಆಮ್ಯಾಲ ಹೆಸರಿಡಮ."

ತಾನು ಮಾಡಿದ್ದೇನೆಂದು ಆಗ ಮಾದಯ್ಯನಿಗೆ ತಿಳಿಯಿತು. ಅಂದೇ ಗಂಡಹೆಂಡಿರು ದೊಣೆಯನ್ನು ಬರಿದುಮಾಡಿ ತಿಕ್ಕಿ ತೊಳೆದರು. ಮಳೆ ಬರುವವರೆಗೂ ಮಗುವಿಗೆ ಹೆಸರಿರಲಿಲ್ಲ. ಅಷ್ಟರಲ್ಲಿ ಮಾದಯ್ಯ ಸುತ್ತಲ ಊರುಗಳಲ್ಲಿ ಮನೆಮನೆಗೆ ಹೋಗಿ, ಈ ಹರಕೆ ಬೇಡವೆಂದು ಕೈಮುಗಿದು ಬೇಡಿಕೊಂಡ. ಕೆಲವರು ನಕ್ಕರು, ಕೆಲವರು ಬೈದರು. ಆದರೂ ಆತ ಬಿಡಲಿಲ್ಲ.

ಮುಂಗಾರು ಬಂದು ದೊಣೆ ತುಂಬಿತು. ಗಂಡಹೆಂಡಿರು ಕೂಸನ್ನೆತ್ತಿಕೊಂಡು ಮತ್ತೆ ಬೆಟ್ಟ ಹತ್ತಿದರು. ನೀರು ತಿಳಿಯಾಗಿತ್ತು. ಸ್ವಾಮಿಗಳು ಗಿಂಡಿ ಎತ್ತಿಕೊಂಡಾಗ ಮಾದಯ್ಯ ತಡೆದ.

"ಮೊದ್ಲು ಬೆಟ್ಟದ ಕೂಸ್ಗಳು ಕುಡೀಲಿ ಬುದ್ದೀ."

ಎಲ್ಲರೂ ದೂರ ಸರಿದು ಕಾದರು. ಹೊತ್ತು ಇಳಿಯಿತು. ಒಂದು ಹಕ್ಕಿಯೂ ಬರಲಿಲ್ಲ. ಕೂಸು ಅಳತೊಡಗಿತು. ಸ್ವಾಮಿಗಳು ಮೆಲ್ಲಗೆ ಎದ್ದು ಅದರ ನಾಲಿಗೆಗೆ ತೀರ್ಥ ಬಿಟ್ಟು ಹೆಸರಿಟ್ಟರು. ಮಾದಯ್ಯ ಅತ್ತ ತಿರುಗಲೇ ಇಲ್ಲ. ಬರಿದಾದ ಇಳಿಜಾರಿಗೆ ಮುಖಮಾಡಿ ನಿಂತು, "ಬನ್ರವ್ವಾ, ಬನ್ನಿ," ಎಂದು ಕರೆಯುತ್ತಲೇ ಇದ್ದ.