ನೆಲವಾಗಿದ್ದ ಪೊರೆ

ಸುಟ್ಟಗಾಯಕ್ಕೆ ಹೊಸ ಚರ್ಮ ಬೆಳೆಸಲು ಹೊರಟಿದ್ದ ಒಂದು ಪ್ರಯೋಗಶಾಲೆಯಲ್ಲಿ ಚರ್ಮದ ಪುಟ್ಟ ಜೀವಕೋಶವೊಂದಿತ್ತು. ಅದರ ಅಕ್ಕಂದಿರಲ್ಲಿ ಕೆಲವರನ್ನು ಮೊದಲು ನಿಧಾನವಾಗಿ ಕರಗುವ ಬಗೆಯ ಗಟ್ಟಿ ಪ್ಲಾಸ್ಟಿಕ್ ಪೊರೆಯ ಮೇಲೆ ಬಿಟ್ಟಿದ್ದರು. ಕಾಲೂರಲು ಹಿಡಿತ ಸಿಗದೆ ಅವರು ಸತ್ತರು. ಉಳಿದವರನ್ನು ಸೀಗಡಿ ಚಿಪ್ಪಿನ ಸತ್ವದಿಂದ ಮಾಡಿದ ಪೊರೆಯ ಮೇಲೆ ಬಿಟ್ಟರು. ಅದು ಎರಡೇ ದಿನಕ್ಕೆ ಹರಿದುಹೋಯಿತು. ಈಗ ಎರಡನ್ನೂ ಬೆರೆಸಿ ಮಾಡಿದ ಪೊರೆಯ ಮೇಲೆ ಇದರ ಸರದಿ ಬಂತು.

"ನಿನ್ನಲ್ಲಿ ವಿಷವಿದೆಯೇ?" ಎಂದು ಕೋಶ ಕಾಲೂರುವ ಮೊದಲೇ ಕೇಳಿತು.

"ನನಗೂ ಗೊತ್ತಿಲ್ಲ ತಾಯಿ," ಎಂದಿತು ಪೊರೆ. "ನೀವು ಬದುಕಿದರೆ ಇಲ್ಲವೆಂದು ತಿಳಿಯುತ್ತದೆ. ನಾನು ಅಲುಗಾಡದೆ ಇರುತ್ತೇನೆ, ಕಾಲೂರಿ ನೋಡಿ."

ಸುಳ್ಳು ಭರವಸೆ ಕೊಡದ ಆ ಮಾತೇ ಕೋಶಕ್ಕೆ ಧೈರ್ಯ ತಂದಿತು. ಅದು ಮೆಲ್ಲಗೆ ಕಾಲು ಚಾಚಿತು, ಹಿಡಿತ ಸಿಕ್ಕಿತು. ಮರುದಿನ ಒಂದು ಎರಡಾಯಿತು, ಕೆಲವು ವಾರಗಳಲ್ಲಿ ಸಾವಿರಾರು ಆಯಿತು. ಆದರೆ ಅವು ತಮ್ಮದೇ ನಾರು ನೇಯ್ದು ಹರಡಿದಂತೆಲ್ಲ ಕೆಳಗಿನ ಪೊರೆ ತೆಳುವಾಗುತ್ತ ಬಂತು.

"ನೀವು ಕರಗುತ್ತಿದ್ದೀರಲ್ಲ," ಎಂದಿತು ಕೋಶ. "ನಾವು ಬೆಳೆಯುವುದನ್ನು ನಿಲ್ಲಿಸಲೇ?"

"ಬೇಡ ತಾಯಿ. ನನ್ನನ್ನು ಮಾಡಿದ್ದೇ ಕರಗಲೆಂದು. ನನ್ನ ಮೇಲೆ ನಿಮ್ಮ ಜೀವ ನಿಂತಿತಲ್ಲ, ಅಷ್ಟು ಸಾಕು."

ಕೊನೆಗೆ ಪೊರೆ ಉಳಿಯಲಿಲ್ಲ; ಚರ್ಮ ಉಳಿಯಿತು. ಆಗಷ್ಟೇ ಹುಟ್ಟಿದ ಮರಿಕೋಶವೊಂದು, "ಅಜ್ಜಿ, ನಾವು ಯಾವುದರ ಮೇಲೆ ನಿಂತಿದ್ದೇವೆ?" ಎಂದು ಕೇಳಿತು.

ನಾವೇ ನೇಯ್ದ ನಾರಿನ ಮೇಲೆ ಎನ್ನಲು ಹೊರಟ ಹಿರಿಯ ಕೋಶ ಮಾತು ಬದಲಿಸಿತು.

"ನಮಗಾಗಿ ಜಾಗ ಬಿಟ್ಟುಕೊಟ್ಟವರ ಮೇಲೆ, ಮಗು. ಮೆಲ್ಲಗೆ ಕಾಲಿಡು."