ಕೊಡದೆ ಉಳಿದ ವೀಳ್ಯ

"ಗುಣವಾದವನಿಗೆ ಇನ್ನು ಬರಬೇಡ ಎಂದು ಹೇಗೆ ಹೇಳಲಿ, ಗುರುಗಳೇ?" ಎಂದು ಶಿಷ್ಯ ಚನ್ನವೀರ ಕೇಳಿದ. ಮನಸ್ಸು ನೊಂದವರ ಮಾತು ಕೇಳಿ ಸಮಾಧಾನ ಹೇಳುವ ಕೆಲಸ ಅವನದು. "ಒಬ್ಬ ವರ್ಷದಿಂದ ಬರುತ್ತಿದ್ದಾನೆ. ಊಟ ನಿದ್ದೆ ಸರಿಯಾಗಿದೆ, ಮುಖ ಗೆಲುವಾಗಿದೆ. ಆದರೂ ವಾರಕ್ಕೊಂದು ಹೊಸ ದುಃಖ ತರುತ್ತಾನೆ. ಕಳಿಸಿಬಿಟ್ಟರೆ ಮತ್ತೆ ಕುಸಿದಾನು ಎಂಬ ಭಯ." ಅವನು ಬರುವ ದಿನ ತನಗೇ ಹಬ್ಬ ಎಂಬುದನ್ನು ಮಾತ್ರ ಚನ್ನವೀರ ಹೇಳಲಿಲ್ಲ.

ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮನಸ್ಸಿನ ವೈದ್ಯನಿದ್ದ. ಗುಣವಾದವನ ಕೈಗೆ ವೀಳ್ಯ ಕೊಟ್ಟನೆಂದರೆ ಇನ್ನು ಬರಬೇಕಾಗಿಲ್ಲ ಎಂದು ಅರ್ಥ. ಅದು ಅವನ ಮನೆಯ ಪದ್ಧತಿ. ತಮ್ಮ ಸತ್ತ ದುಃಖದಲ್ಲಿ ಸುತ್ತಿಗೆ ಕೆಳಗಿಟ್ಟ ಒಬ್ಬ ಕಂಚುಗಾರ ಅವನ ಬಳಿಗೆ ಬಂದ. ಸೋಮವಾರ ಸೋಮವಾರ ಬಂದು ಅತ್ತ. ಆರು ತಿಂಗಳಿಗೆ ಮತ್ತೆ ಸುತ್ತಿಗೆ ಹಿಡಿದ. ವೈದ್ಯ ಎಲೆ ಅಡಿಕೆ ಕೈಗೆತ್ತಿಕೊಂಡ. ಆದರೆ ಆ ಕಂಚುಗಾರನ ಮಾತು ಕೇಳುವುದೇ ಒಂದು ಸುಖ! ಅವನ ಅತ್ತೆ ಕಟ್ಟಿ ಕಳಿಸುವ ಎಳ್ಳುಂಡೆಯೋ, ಕೇಳಲೇಬೇಡ. "ದುಃಖದ ಬೇರು ಇನ್ನೂ ಒಳಗಿದೆಯಪ್ಪಾ, ಬರುವ ವಾರ ನೋಡೋಣ" ಎಂದವನೇ ವೈದ್ಯ ಆ ವೀಳ್ಯವನ್ನು ತಾನೇ ಮೆದ್ದ.

ಪಾಪ, ಕಂಚುಗಾರ ದುಃಖವನ್ನು ಎಲ್ಲಿಂದ ತರಬೇಕು? ಒಂದು ವಾರ ಎಮ್ಮೆ ಕಳೆದುಹೋಯಿತೆಂದ. ಇನ್ನೊಂದು ವಾರ ಸೋದರಮಾವ ಸತ್ತನೆಂದ. ಕೊನೆಗೆ ಅತ್ತೆಯನ್ನೇ ಸಾಯಿಸಿದ. ವೈದ್ಯ ಗಳಗಳನೆ ಅತ್ತುಬಿಟ್ಟ. ಅತ್ತದ್ದು ಅತ್ತೆಗೋ ಎಳ್ಳುಂಡೆಗೋ, ದೇವರೇ ಬಲ್ಲ.

ಮರುದಿನ ಸಮಾಧಾನ ಹೇಳಲು ಅವನೇ ಕಂಚುಗಾರನ ಮನೆಗೆ ಹೋದ. ಬಾಗಿಲು ತೆರೆದವಳು ಅತ್ತೆ! ಕೈಯಲ್ಲಿ ಬೆಲ್ಲದ ಪಾಕ ಅಂಟಿದ ಸೌಟು.

"ಯಾಕ್ರೀ ವೈದ್ಯರೇ, ದೆವ್ವ ಕಂಡವರ ಹಾಗೆ ನಿಂತ್ರಿ?" ಎಂದಳು ಅವಳು.

ವೈದ್ಯ ಒಳಗೆ ನುಗ್ಗಿ ಕಂಚುಗಾರನ ಮೇಲೆ ಹರಿಹಾಯ್ದ. "ಸುಳ್ಳು ಯಾಕೋ ಹೇಳಿದೆ?"

ಕಂಚುಗಾರ ಕೈಮುಗಿದ. "ತಪ್ಪಾಯ್ತು ಸ್ವಾಮಿ. ನನಗೆ ಯುಗಾದಿಗೇ ಗುಣವಾಗಿತ್ತು. ಆದರೆ ನಾನು ನಗುತ್ತಾ ಬಂದರೆ ನಿಮ್ಮ ಮುಖ ಬಾಡ್ತಿತ್ತು. ನೋಡೋಕಾಗದೆ ಒಬ್ಬೊಬ್ಬರನ್ನೇ ಸಾಯಿಸ್ತಾ ಬಂದೆ. ಇನ್ನು ಉಳಿದಿರೋಳು ಹೆಂಡತಿ ಒಬ್ಬಳೇ."

ಚನ್ನವೀರ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ವೈದ್ಯ ಗುರುಗಳೇ ಅವನು!"

ಗುರುಗಳು ನಗಲಿಲ್ಲ. "ಇರಲಿ, ನಿನ್ನವನು ಈ ವಾರ ಯಾರನ್ನು ಸಾಯಿಸಿದ?"