ಗೋಣಿತಾಟಿಗೆ ನೀರು ಬಿಟ್ಟ ಬೋರ್ಡು

“ಗುರುಗಳೇ, ಹೇಳಿದಷ್ಟನ್ನೇ ಮಾಡುವ ಒಬ್ಬ ಆಳು ಸಿಕ್ಕರೆ, ಈಗ ಇರುವವನನ್ನು ಬಿಡಿಸಬಹುದೇ?” ಎಂದು ಶಿಷ್ಯ ಕೇಳಿದ.

ಅವನು ಮಠದ ಅಡುಗೆಮನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಕೈಕೆಳಗಿದ್ದ ಮುದುಕ ಸಿದ್ಧಯ್ಯ ಒಂದು ಹೇಳಿದರೆ ಇನ್ನೊಂದು ಮಾಡುತ್ತಾನೆ ಎಂಬುದು ಅವನ ದೂರು. ಮಠ ಬಿಟ್ಟರೆ ಸಿದ್ಧಯ್ಯನಿಗೆ ಬೇರೆ ಜಾಗವಿರಲಿಲ್ಲ. ಅದು ಗೊತ್ತಿದ್ದೇ ಶಿಷ್ಯ ಕೇಳಿದ್ದ.

ಗುರುಗಳು ನಕ್ಕರು. “ಅಂಥ ಆಳು ಒಬ್ಬಳಿಗೆ ಸಿಕ್ಕಿತ್ತು, ಕೇಳು” ಎಂದು ಶುರುಮಾಡಿದರು.

ಒಬ್ಬ ಸೊಸೆ ರೇಷ್ಮೆಹುಳು ಸಾಕುತ್ತಿದ್ದಳು. ಹುಳುಮನೆಯ ಗಾಳಿ ಒಣಗಿದರೆ ಕಿಟಕಿಗೆ ಕಟ್ಟಿದ ಗೋಣಿತಾಟಿಗೆ ನೀರು ಚಿಮುಕಿಸಬೇಕು. ಆ ಕೆಲಸ ಅತ್ತೆಯದು. ಸೊಸೆ ‘ಹಾಕಿ’ ಎಂದರೆ ಅತ್ತೆ ‘ಈಗ ಬೇಡ’ ಎನ್ನುವಳು. ಸೊಸೆ ‘ಬೇಡ’ ಎಂದಾಗ ಚೊಂಬು ಹಿಡಿದು ನಿಂತಿರುವಳು. ಸೊಸೆಗೆ ಸಾಕಾಗಿ ಹೋಯಿತು.

ಅವಳು ಪೇಟೆಯಿಂದ ಅಂಗೈಯಗಲದ ಒಂದು ಬೋರ್ಡು ತರಿಸಿಕೊಂಡಳು. ಕಂಪ್ಯೂಟರಿನಲ್ಲಿ ಬರೆದುಕೊಟ್ಟಂತೆ ನಡೆಯುವ ಎಲೆಕ್ಟ್ರಾನಿಕ್ ಬೋರ್ಡು ಅದು. ಇದೆಲ್ಲ ಅವಳಿಗೆ ಹೊಸದು. ಮೊದಲು ಅದರ ಪುಟ್ಟ ದೀಪ ಮಿನುಗಲಿ ಎಂದು ಬರೆದಳು. ಮಿನುಗಿತು. ನಿಲ್ಲಲಿ ಎಂದು ಬರೆದಳು. ನಿಂತಿತು. ಆ ಮನೆಯಲ್ಲಿ ಅವಳ ಮಾತು ಇಷ್ಟು ಬೇಗ ನಡೆದದ್ದು ಅದೇ ಮೊದಲು. ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯಲಿಲ್ಲ, ಪಾಪ.

ಆಮೇಲೆ ಗಾಳಿಯ ತೇವ ಅಳೆಯುವ ಸೆನ್ಸರನ್ನೂ ಸಣ್ಣ ಪಂಪನ್ನೂ ಜೋಡಿಸಿ, ‘ಗಾಳಿ ಒಣಗಿದರೆ ಗೋಣಿತಾಟಿಗೆ ನೀರು ಬಿಡು’ ಎಂದು ಬರೆದಳು. ಪಂಪು ಓಡಿತು. ಸೆನ್ಸರಿನ ಮೇಲೆ ಬಾಯಿಂದ ಹಬೆಯೂದಿದಳು. ಪಂಪು ನಿಂತಿತು. ಮತ್ತೆ ಮತ್ತೆ ಊದಿ ನೋಡಿದಳು. ಅತ್ತೆ ಚೊಂಬು ಕೆಳಗಿಟ್ಟು ಮಗಳ ಮನೆಗೆ ಹೋದಳು.

ಅಷ್ಟರಲ್ಲಿ ಹುಳುಗಳು ಜ್ವರಕ್ಕೆ ಕೂತವು. ಪೊರೆ ಬಿಡುವ ಮುಂಚೆ ಹುಳು ತಲೆಯೆತ್ತಿ ಅಲುಗಾಡದೆ ಇರುತ್ತದೆ. ಅದನ್ನೇ ರೇಷ್ಮೆಯವರು ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಹುಳುಮನೆಯಲ್ಲಿ ತೇವ ಇರಬಾರದು. ಇದು ಸೊಸೆಗೂ ಚೆನ್ನಾಗಿ ಗೊತ್ತು. ಸೊಪ್ಪು ನಿಲ್ಲಿಸಿದಳು, ಹುಳುಗಳಿಗೆ ತೊಂದರೆಯಾಗದಿರಲಿ ಎಂದು ಬಾಗಿಲು ಮುಚ್ಚಿದಳು. ಒಳಗೆ ಬೋರ್ಡು ಗಾಳಿ ಒಣಗಿದಾಗಲೆಲ್ಲ ನೀರು ಬಿಡುತ್ತಲೇ ಇತ್ತು. ಬಾಗಿಲು ತೆಗೆದಾಗ ಅರ್ಧ ಹುಳುಗಳು ಪೊರೆ ಬಿಡಲಾಗದೆ ಸತ್ತಿದ್ದವು.

ಸೊಸೆ ಅತ್ತಳು. ಬೋರ್ಡಿಗೆ ಬರೆದದ್ದನ್ನು ಮತ್ತೆ ಓದಿದಳು. ಎಲ್ಲೂ ತಪ್ಪಿರಲಿಲ್ಲ. ಸುದ್ದಿ ಕೇಳಿ ಅತ್ತೆ ಓಡಿಬಂದಳು.

“ಜ್ವರಕ್ಕೆ ಕೂತಾಗ ನೀರು ಬಿಡಬಾರದು ಅಂತ ಅದಕ್ಕೆ ಹೇಳಿದ್ಯೇನಮ್ಮ?”

“ಇಲ್ಲ ಅತ್ತೆ. ನಿಮಗೂ ಯಾವತ್ತೂ ಹೇಳಿರಲಿಲ್ಲವಲ್ಲ.”

ಹೇಳಿದ ಮೇಲೆ ಅವಳ ಮಾತು ಅವಳಿಗೇ ಕೇಳಿಸಿತು. ಬೋರ್ಡನ್ನು ಎಸೆಯಲಿಲ್ಲ. ನೀರು ನಿಲ್ಲಿಸಲು ಒಂದು ಗುಂಡಿ ಜೋಡಿಸಿ, ಅದನ್ನು ಅತ್ತೆಯ ಕೈಗೆ ಎಟುಕುವ ಹಾಗೆ ಗೋಡೆಗೆ ಹಾಕಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೂ ಸಿದ್ಧಯ್ಯ ನನ್ನ ಮಾತು ಕೇಳುವುದಿಲ್ಲವಲ್ಲ, ಗುರುಗಳೇ?” ಎಂದ.

“ಇವತ್ತು ಬೆಳಿಗ್ಗೆ ‘ಸಾರಿಗೆ ಉಪ್ಪು ಹಾಕು’ ಎಂದು ನೀನು ಮರೆತು ಎರಡು ಸಲ ಕೂಗಿದೆ, ಮಧ್ಯಾಹ್ನ ಅದೇ ಸಾರನ್ನು ಮತ್ತೆ ಬಡಿಸಿಕೊಂಡು ಉಂಡೆ” ಎಂದರು ಗುರುಗಳು.